"ಒಂಚೂರು ಹಾರ್ಡನರ್ ಜಾಸ್ತಿ ಹಾಕಿ" ಅನ್ನುವ ಮಹಾನುಭಾವರಿಗೆ

ದೋಣಿಗೆ ಹಾಕಿದ ಅಂಟು ಮೂರನೇ ಸಲ ಬಿಟ್ಟುಕೊಂಡಿತು. ಮೂರನೇ ಸಲ ಮಾರಾಯ್ರೆ!

ಕೆಲಸ ಎಷ್ಟು ಅಂತ ಕೇಳಿ. ಹದಿನೆಂಟು ಅಡಿಯ ಮರದ ದೋಣಿ, ಅಜ್ಜನ ಕಾಲದ್ದು, ಹೆಬ್ಬಲಸಿನ ಹಲಗೆ, ಮೇಲಿನ ಅಂಚುಪಟ್ಟಿ ಸಾಗುವಾನಿ. ಎಡಗಡೆ ಅಂಚಿನಲ್ಲಿ ನಾಲ್ಕು ಅಡಿ ಮರ ಲಡ್ಡು ಹಿಡಿದು ಕೊಳೆತಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸ ಸಾಗುವಾನಿ ತುಂಡು ಕೂರಿಸಿ ಎಪಾಕ್ಸಿ (ರೆಸಿನ್, ಹಾರ್ಡನರ್ ಅಂತ ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಹಾಕಿ ಅಂಟಿಸಬೇಕು. ಇಷ್ಟೇ. ಕುಂದಾಪುರದ ಈ ಹೊಳೆ ಬದಿಯಲ್ಲಿ ಇದಕ್ಕೆ ಜನ ಸಿಗುವುದಿಲ್ಲ ಅಂದರೆ ಯಾರಾದರೂ ನಂಬ್ತಾರಾ? ಸಿಗ್ತಾರೆ, ಸಿಗದೆ ಏನು. ಆದರೆ ಅಳತೆ ಮಾಡುವವರು ಒಬ್ಬರೂ ಸಿಗುವುದಿಲ್ಲ. ಎಲ್ಲಾ ಅಂದಾಜು. ಎಲ್ಲಾ ಕಣ್ಣಳತೆ.

ಮೊದಲನೇ ಸಲ, ಮಾರ್ಚ್‌ನಲ್ಲಿ, ಫೈಬರ್ ಕೆಲಸ ಮಾಡುವವನನ್ನು ಕರೆದೆ. ಇಪ್ಪತ್ತು ವರ್ಷದ ಅನುಭವ ಅಂತ ಅವನೇ ಹೇಳಿಕೊಂಡ. ಬಂದವನೇ ಒಂದು ಡಬ್ಬಿಗೆ ರೆಸಿನ್ ಸುರಿದ, ಅದರ ಮೇಲೆ ಹಾರ್ಡನರ್ ಸುರಿದ, ಒಂದು ಕ್ಷಣ ಡಬ್ಬಿಯೊಳಗೆ ಇಣುಕಿ ನೋಡಿ ಇನ್ನೂ ಸ್ವಲ್ಪ ಸುರಿದ. ಅಳತೆ ಬೇಡವಾ ಅಂತ ಕೇಳಿದ್ದಕ್ಕೆ "ಎಂತದೂ ಆತಿಲ್ಲೆ, ಜಾಸ್ತಿ ಹಾಕಿರೆ ಬೇಗ ಗಟ್ಟಿ ಆತ್" ಅಂದ. ನಾನು ಸುಮ್ನೆ ನಿಂತುಕೊಂಡು ನೋಡಿದೆ. ಈ ಸುಮ್ನೆ ನಿಂತದ್ದಕ್ಕೆ ನನಗೆ ನನ್ನ ಮೇಲೇ ಇವತ್ತಿಗೂ ಸಿಟ್ಟಿದೆ.

ಮೂರು ದಿನ ಕಳೆದರೂ ಅದು ಹಲಸಿನ ಮೇಣದ ಹಾಗೆ ಜಿಗಿಜಿಗಿ. ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತದೆ. ವಾರದ ಮೇಲೂ ಅಷ್ಟೇ.

ಅವನು ದಿನಾ ಕೆಲಸ ಮಾಡುವುದು ಪಾಲಿಯೆಸ್ಟರ್ ರೆಸಿನ್‌ನಲ್ಲಿ, ಅದು ಬೇರೆಯೇ ಜಾತಿ. ಅದಕ್ಕೆ ಹಾಕುವ ಹನಿ ನಿಜಕ್ಕೂ ಹೆಪ್ಪು ಇದ್ದ ಹಾಗೆ, ಹಾಲಿಗೆ ಒಂದು ಚಮಚ ಜಾಸ್ತಿ ಬಿದ್ದರೆ ಮೊಸರು ಬೇಗ ಆಗುತ್ತದಲ್ಲ, ಹಾಗೆ. ಎಪಾಕ್ಸಿಯ ಹಾರ್ಡನರ್ ಹೆಪ್ಪು ಅಲ್ಲ. ಅದು ಇಡ್ಲಿಗೆ ಉದ್ದು ಇದ್ದ ಹಾಗೆ. ಅಕ್ಕಿಯ ಜೊತೆ ಅದೂ ಸೇರಿಯೇ ಇಡ್ಲಿ ಆಗುವುದು. ಉದ್ದು ಎರಡು ಪಾಲು ಹಾಕಿದರೆ ಇಡ್ಲಿ ಬೇಗ ಬೇಯುತ್ತಾ? ರೆಸಿನ್ ಇಷ್ಟು ಅಂದರೆ ಹಾರ್ಡನರ್ ಇಷ್ಟೇ, ಮಿಕ್ಕಿದ್ದು ಜೊತೆ ಸಿಗದೆ ಒಳಗೇ ಒದ್ದೆಯಾಗಿ ಉಳಿಯುತ್ತದೆ, ಅದು ನಾಳೆಯೂ ಒಣಗುವುದಿಲ್ಲ, ಮುಂದಿನ ದೀಪಾವಳಿಗೂ ಒಣಗುವುದಿಲ್ಲ. ಇಷ್ಟು ಸಣ್ಣ ವಿಷಯ ಇಪ್ಪತ್ತು ವರ್ಷದಲ್ಲಿ ಒಬ್ಬರೂ ಅವನಿಗೆ ಹೇಳಿಲ್ಲವಾ?

ಆ ಜಿಗಿಜಿಗಿಯನ್ನು ಕೆರೆದು ತೆಗೆಯಲು ಎರಡು ಭಾನುವಾರ ಹೋಯಿತು. ಉಳಿಗೂ ಅಂಟುತ್ತದೆ, ಪಾಲಿಶ್ ಪೇಪರಿಗೂ ಅಂಟುತ್ತದೆ, ಮರಕ್ಕೆ ಒಂದು ಬಿಟ್ಟು ಬೇರೆ ಎಲ್ಲದಕ್ಕೂ ಅಂಟುತ್ತದೆ.

ಎರಡನೇ ಸಲ, ಯಾರೂ ಬೇಡ ಅಂತ ನಾನೇ ಇಳಿದೆ. ಹಾರ್ಡ್‌ವೇರ್ ಅಂಗಡಿಗೆ ಹೋದರೆ ಅಲ್ಲಿ ದೊಡ್ಡ ಕ್ಯಾನ್‌ನಿಂದ ಬಿಡಿಯಾಗಿ ಕೊಡುತ್ತಾರೆ. ಎರಡು ಹಳೇ ಕೂಲ್‌ಡ್ರಿಂಕ್ ಬಾಟಲಿ. ಚೀಟಿ ಇಲ್ಲ, ಹೆಸರಿಲ್ಲ, ಎಷ್ಟಕ್ಕೆ ಎಷ್ಟು ಅಂತ ಬರೆದಿಲ್ಲ. (ಮನೆಯಲ್ಲಿ ಮಕ್ಕಳು ಇದ್ದರೆ ಏನು ಗತಿ ಅಂತ ಯೋಚಿಸಿ.) ಕೇಳಿದರೆ "ಹಾಫ್ ಹಾಫ್ ಹಾಕಿ ಸಾರ್" ಅಂದರು. ಹಾಕಿದೆ. ಮತ್ತೆ ಅದೇ ಜಿಗಿಜಿಗಿ! ಅಂಗಡಿಗೆ ವಾಪಸ್ ಹೋಗಿ ಜಗಳ ಮಾಡಿ ಗೋಡೌನಿಗೆ ನುಗ್ಗಿ ಕ್ಯಾನ್ ನೋಡಿದರೆ ದಪ್ಪ ಅಕ್ಷರದಲ್ಲಿ ಬರೆದಿದೆ, ರೆಸಿನ್ ತೂಕದಲ್ಲಿ 100, ಹಾರ್ಡನರ್ 50. ತೂಕದಲ್ಲಿ! ಲೋಟದ ಅಳತೆಯೂ ಅಲ್ಲ, ಯಾಕೆಂದರೆ ಹಾರ್ಡನರ್ ರೆಸಿನ್‌ಗಿಂತ ಹಗುರ, ಲೋಟದ ಲೆಕ್ಕ ಬೇರೆ, ತಕ್ಕಡಿ ಲೆಕ್ಕ ಬೇರೆ. ಅಂಗಡಿಯವರು ಏನಂದರು ಗೊತ್ತಾ? "ಅಷ್ಟೆಲ್ಲಾ ಯಾರು ನೋಡ್ತಾರೆ ಸಾರ್, ಇದುವರೆಗೆ ಒಬ್ಬರೂ ಕಂಪ್ಲೇಂಟ್ ಮಾಡಿಲ್ಲ." ನಾನು ಮಾಡ್ತಿದೀನಲ್ಲ, ನಾನು ಮನುಷ್ಯ ಅಲ್ವಾ?

ಅದೇ ಸಲ ಇನ್ನೊಂದು ಕಥೆಯೂ ಆಯಿತು. ಏಪ್ರಿಲ್ ಬಿಸಿಲು, ಕಲಸಿದ್ದನ್ನು ಮೊಸರಿನ ಕಪ್ಪಿನಲ್ಲೇ ಇಟ್ಟು ಫೋನ್ ಬಂತು ಅಂತ ಮಾತಾಡುತ್ತಾ ನಿಂತೆ. ತಿರುಗಿ ನೋಡುವಾಗ ಆ ಕಪ್ ಹೊಗೆ ಬಿಡುತ್ತಾ ಒಂದು ಕಡೆ ವಾಲಿದೆ. ಇದು ಪೂರ್ತಿ ನನ್ನ ತಪ್ಪು, ಒಪ್ಪಿಕೊಳ್ತೇನೆ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಒಂದೇ ಕಡೆ ದಪ್ಪಗೆ ಇದ್ದರೆ ಆ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಅಗಲ ತಟ್ಟೆಗೆ ಸುರಿದುಕೊಳ್ಳಬೇಕಿತ್ತು. ಡಬ್ಬಿ ಮೇಲೆ ಇಷ್ಟು ನಿಮಿಷ ಸಮಯ ಇದೆ ಅಂತ ಬರೆಯುವುದು ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕದಲ್ಲಿ. ಹತ್ತು ಡಿಗ್ರಿ ಏರಿದರೆ ಆ ಸಮಯ ಹೆಚ್ಚುಕಡಿಮೆ ಅರ್ಧ. ನಮ್ಮ ಕರಾವಳಿಯಲ್ಲಿ ಏಪ್ರಿಲ್‌ನಲ್ಲಿ 25 ಡಿಗ್ರಿ ಎಲ್ಲಿಂದ ತರುವುದು? ಫ್ರಿಜ್ಜಿನಲ್ಲಿ ಕೂತು ದೋಣಿ ರಿಪೇರಿ ಮಾಡಬೇಕಷ್ಟೆ.

ಇನ್ನು ಮೂರನೇದು. ಇದೇ ಜಾಸ್ತಿ ಉರಿಯುವುದು, ಯಾಕೆಂದರೆ ಈ ಸಲ ಅಂಟು ಸರಿಯಾಗಿತ್ತು. ಸೀಲ್ ಒಡೆಯದ ಡಬ್ಬಿ ತರಿಸಿದೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಗ್ರಾಂ ಲೆಕ್ಕದಲ್ಲಿ ತೂಗಿದೆ. ಮರದ ಕೆಲಸಕ್ಕೆ ಆಚಾರ್ರನ್ನು ಕರೆದೆ. ಕೈಯಲ್ಲಿ ಕಲೆ ಇರುವ ಮನುಷ್ಯ, ಸುಳ್ಳು ಹೇಳಬಾರದು. ಒಂದು ಇಂಚು ದಪ್ಪದ ಪಟ್ಟಿಗೆ ಎಂಟು ಇಂಚು ಉದ್ದದ ಓರೆ ಕೂಡಿಕೆ (ಎರಡೂ ತುದಿ ಓರೆಯಾಗಿ ಕೆತ್ತಿ ಒಂದರ ಮೇಲೊಂದು ಕೂರಿಸುವುದು) ಬೇಕು ಅಂದಿದ್ದಕ್ಕೆ ಒಂದು ಮಾತೂ ಆಡದೆ ಬೆಳಕು ತೂರದ ಹಾಗೆ ಮಾಡಿಕೊಟ್ಟರು. ಆಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಮರವನ್ನು ತಿನ್ನರ್‌ನಲ್ಲಿ ಒರೆಸಿ, ಟೀ ಕುಡಿದು, ಇನ್ನೊಂದು ಮನೆಯ ಬಾಗಿಲು ನೋಡಿ ಬರ್ತೇನೆ ಅಂತ ಹೋಗಿ, ಊಟ ಮುಗಿಸಿ ಮಧ್ಯಾಹ್ನ ಮೂರಕ್ಕೆ ಬಂದು ಅಂಟು ಹಚ್ಚಿದರು. ನಾನು ಆ ಹೊತ್ತಿಗೆ ಮನೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಕಾಲಿಗೆ ಬಿದ್ದಾದರೂ ತಡೆಯುತ್ತಿದ್ದೆ.

ಸಾಗುವಾನಿ ಎಣ್ಣೆಯ ಮರ ಅಲ್ವಾ, ಅದಕ್ಕೇ ತಾನೇ ನೀರಿನಲ್ಲಿ ಬಾಳಿಕೆ ಬರುವುದು. ಮೇಲಿನ ಎಣ್ಣೆ ಒರೆಸಿ ತೆಗೆದರೆ ಒಳಗಿನದು ಮೆಲ್ಲಗೆ ಮೇಲೆ ಬರುತ್ತದೆ. ಒರಟು ಪಾಲಿಶ್ ಪೇಪರ್ ಹೊಡೆದು, ಅಸಿಟೋನ್‌ನಲ್ಲಿ ಹೊಸ ಬಟ್ಟೆ ಅದ್ದಿ ಒರೆಸಿ, ಅದು ಆರಿದ ಕೂಡಲೇ ಹಚ್ಚಬೇಕು. ಆರು ಗಂಟೆ ಬಿಟ್ಟು ಹಚ್ಚಿದರೆ ಎಣ್ಣೆ ಕಾವಲಿಯ ಮೇಲೆ ಸ್ಟಿಕ್ಕರ್ ಅಂಟಿಸಿದ ಹಾಗೆ.

ಸಾಲದ್ದಕ್ಕೆ ಕ್ಲಾಂಪ್, ಅಂದರೆ ಅಂಟಿಸಿದ ತುಂಡುಗಳನ್ನು ಒತ್ತಿ ಹಿಡಿಯುವ ತಿರುಪಿನ ಹಿಡಿಕೆ. ನಾಲ್ಕು ಸಿ ಕ್ಲಾಂಪ್ ಹಾಕಿ, ಹಿಡಿಗೆ ಪೈಪ್ ತೂರಿಸಿ, ಕಬ್ಬಿನ ಗಾಣದ ಹಾಗೆ ತಿರುಗಿಸಿದ್ದಾರೆ. ಬಾಗಿಲಿಗೆ ಹಾಕುವ ಬಿಳಿ ಅಂಟಿಗೆ ಅದು ಸರಿ. ಎಪಾಕ್ಸಿಗೆ ಬಿಗಿದಷ್ಟೂ ಕೆಟ್ಟದ್ದು. ಎರಡು ಮರದ ನಡುವೆ ತೆಳುವಾಗಿಯಾದರೂ ಅಂಟು ಉಳಿಯಬೇಕು, ಇವರು ಎಲ್ಲವನ್ನೂ ಹಿಂಡಿ ನೆಲಕ್ಕೆ ಇಳಿಸಿದ್ದಾರೆ. ಅಂಗಳದ ಇಂಟರ್‌ಲಾಕಿನ ಮೇಲೆ ಅದು ಬಿದ್ದು ಎಷ್ಟು ಚೆನ್ನಾಗಿ ಹಿಡಿದುಕೊಂಡಿದೆ ಅಂದರೆ ಸುತ್ತಿಗೆ ಉಳಿ ಹಾಕಿದರೂ ಬರ್ತಿಲ್ಲ. ಇಂಟರ್‌ಲಾಕಿಗೆ ಹಿಡಿಯಿತು, ದೋಣಿಗೆ ಹಿಡಿಯಲಿಲ್ಲ!

ಮೊನ್ನೆ ನಾನು ಮತ್ತು ಭಾವ ದೋಣಿ ಎತ್ತಿ ತಿರುಗಿಸುವಾಗ ಟಪ್ ಅಂತ ಶಬ್ದ ಬಂತು. ಪಟ್ಟಿ ಕೈಗೆ ಬಂತು. ಒಂದು ಮುಖದಲ್ಲಿ ಅಂಟು ಕನ್ನಡಿಯ ಹಾಗೆ ಹೊಳೀತಿದೆ, ಇನ್ನೊಂದರಲ್ಲಿ ಬೋಳು ಮರ. ಒಂದು ಎಳೆ ನಾರೂ ಕಿತ್ತು ಬಂದಿಲ್ಲ. ಸರಿಯಾಗಿ ಹಿಡಿದ ಕೂಡಿಕೆ ಮುರಿದರೆ ಮರ ಸಿಗಿದು ಹೋಗಬೇಕು, ಅಂಟು ಬಿಡಬಾರದು. ಆಚಾರ್ರಿಗೆ ತೋರಿಸಿದರೆ ಅವರು ತುಂಡನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ "ಮರ ಸರಿ ಇಲ್ಲೆ" ಅಂದರು.

ಮರ ಸರಿ ಇಲ್ಲವಂತೆ! ಸಾಗುವಾನಿಗೆ ನಾನು ಕೊಟ್ಟ ದುಡ್ಡು ಇಲ್ಲಿ ಬರೆದರೆ ಮನೆಯವರು ಓದಿಬಿಡ್ತಾರೆ, ಬೇಡ.

ಇದರ ಮಧ್ಯೆ ದಾರಿಯಲ್ಲಿ ಹೋಗುವವರ ಸಲಹೆ. ಒಬ್ಬರು ಹಲಗೆ ಹಲಗೆಗಳ ಸಂದಿಗೆಲ್ಲ ಎಪಾಕ್ಸಿ ಸುರಿದುಬಿಡಿ, ಜನ್ಮಕ್ಕೆ ನೀರು ಬರುವುದಿಲ್ಲ ಅಂದರು. ಹಲಗೆ ನೀರಿಗೆ ಬಿದ್ದರೆ ಉಬ್ಬುತ್ತದೆ, ಮೇಲೆ ಹಾಕಿದರೆ ಕುಗ್ಗುತ್ತದೆ. ಅಜ್ಜ ಹತ್ತಿ ತುರುಕಿ ಧೂಪದ ರಾಳ, ಎಣ್ಣೆ ಹಚ್ಚುತ್ತಿದ್ದದ್ದು ಅದಕ್ಕೇ, ಮರದ ಜೊತೆ ಅದೂ ಅಲ್ಲಾಡುತ್ತದೆ. ಕಲ್ಲಿನಂಥ ಎಪಾಕ್ಸಿ ತುಂಬಿದರೆ ಉಬ್ಬುವ ಹಲಗೆ ಎಲ್ಲಿಗೆ ಹೋಗಬೇಕು, ಆಕಾಶಕ್ಕಾ? ಅಜ್ಜನ ಕಾಲವೇ ಚೆಂದ ಅಂತ ನಾನು ಹೇಳ್ತಿಲ್ಲ. ಆದರೆ ಅಜ್ಜ ರಾಳವನ್ನು ಸೇರಿನಲ್ಲಿ ಅಳೆದು ಹಾಕುತ್ತಿದ್ದರು, ಅದು ನನಗೆ ನೆನಪಿದೆ.

ಈಗ ಜೂನ್. 1ನೇ ತಾರೀಕಿನಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ, ದೊಡ್ಡ ಬೋಟುಗಳೆಲ್ಲ ದಡಕ್ಕೆ ಬಂದು ಕೂತಿವೆ, ಕೆಲಸ ಬಲ್ಲ ನಾಲ್ಕು ಜನ ಇದ್ದರೆ ಅವರೆಲ್ಲ ಅಲ್ಲೇ. ನನ್ನ ನಾಲ್ಕು ಅಡಿ ಪಟ್ಟಿಗೆ ಯಾರು ಬರ್ತಾರೆ? ಮಳೆ ಬೇರೆ. ಈ ಥಂಡಿ ಗಾಳಿಯಲ್ಲಿ ಹಚ್ಚಿದರೆ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದನ್ನು ನೀರು ಹಾಕಿ ಉಜ್ಜಿ ತೊಳೆಯದೆ ಮೇಲೆ ಬಣ್ಣ ಹೊಡೆದರೆ ಅದೂ ಸಿಪ್ಪೆ ಏಳುತ್ತದೆ. ಪಕ್ಕದ ಮನೆಯವರದ್ದು ಹಾಗೇ ಎದ್ದಿದೆ, ಅವರೂ ಮರವನ್ನೇ ಬೈತಿದಾರೆ.

ಹಾಗಾಗಿ ಹೊಸ ತುಂಡನ್ನು ಬಚ್ಚಲೊಲೆಯ ಅಟ್ಟದಲ್ಲಿ ಒಣಗಲು ಇಟ್ಟಿದೇನೆ. ದಿನಾ ರಾತ್ರಿ ಇಳಿಸಿ ತೂಗುವುದು, ತೂಕ ಇಳಿಯುವುದು ನಿಂತ ದಿನ ಅಂಟಿನ ಡಬ್ಬಿ ತೆರೆಯುವುದು. ತಕ್ಕಡಿ ಯಾವಾಗ ವಾಪಸ್ ಕೊಡ್ತೀರಿ ಅಂತ ಹೆಂಡತಿ ದಿನಕ್ಕೆರಡು ಸಲ ಕೇಳ್ತಾಳೆ. ನಿನ್ನೆ 1412 ಗ್ರಾಂ ಇತ್ತು. ಇವತ್ತು 1409.