13 ವರ್ಷದ ಮೇಲೆ ಮತ್ತೆ ವಾರ್ಡಿಗೆ

ಮಕ್ಕಳಿಗಾಗಿ ನರ್ಸಿಂಗ್ ಬಿಟ್ಟವರು ಮತ್ತೆ ಹೋಗಬಹುದಾ ಅಂತ ಲೇಖನದಲ್ಲಿ ಕೇಳಿದ್ದೀರಿ. ಖಂಡಿತ ಹೋಗಬಹುದು ಮೇಡಂ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ನಾಲ್ಕು ವರ್ಷ ಕೆಲಸ ಮಾಡಿ, 2006ರಲ್ಲಿ ಬಾಣಂತನಕ್ಕೆ ತವರಿಗೆ ಹೋದ ನಾನು ಮತ್ತೆ ವಾರ್ಡಿಗೆ ಕಾಲಿಟ್ಟಿದ್ದು 2019ರಲ್ಲಿ.

ಮೊದಲು ನರ್ಸಿಂಗ್ ಕೌನ್ಸಿಲ್ ನೋಂದಣಿ ನವೀಕರಿಸಿಕೊಳ್ಳಿ. ಆಮೇಲೆ ಸಿಪಿಆರ್ ತರಬೇತಿ, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು. ನಾವು ಕಲಿತಿದ್ದು ಮೊದಲು ಉಸಿರಿನ ದಾರಿ ನೋಡುವುದು, 15 ಸಲ ಎದೆ ಒತ್ತಿ 2 ಉಸಿರು ಕೊಡುವುದು. ಈಗ ದೊಡ್ಡವರಿಗೆ ಮೊದಲು ಎದೆ ಒತ್ತುವುದೇ, ಅದೂ 30ಕ್ಕೆ 2. ಆಸ್ಪತ್ರೆ ಕಸದ ಬುಟ್ಟಿಗಳ ಬಣ್ಣ ಕೂಡ ಹೊಸದಾಗಿ ಕಲಿಯಬೇಕು, ಸೂಜಿಗೆ ಬಿಳಿ ಡಬ್ಬಿ, ಗಾಜಿಗೆ ನೀಲಿ.

ನನಗೆ ನಿಜವಾದ ಭಯ ಇದ್ದಿದ್ದು ಲೆಕ್ಕದ್ದು. 500 ಎಂಎಲ್ ಡ್ರಿಪ್ 4 ಗಂಟೆಯಲ್ಲಿ ಮುಗಿಯಬೇಕು, ಡ್ರಿಪ್ಪಿನ ಕೊಳವೆ ಸೆಟ್ಟಿನಲ್ಲಿ ಎಂಎಲ್‌ಗೆ 20 ಹನಿ, ಹಾಗಾದರೆ ನಿಮಿಷಕ್ಕೆ ಎಷ್ಟು? ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ದಿನಸಿ ಚೀಟಿಯ ಹಿಂದೆ ಇಂಥ ಲೆಕ್ಕ ಮಾಡಿ ಮಾಡಿ ಅಭ್ಯಾಸ ಮಾಡಿಕೊಂಡೆ. (42 ಹನಿ!)

ಎರಡನೇ ದಿನ ಒಬ್ಬ ಅಜ್ಜಿಗೆ ನರವೇ ಸಿಗುತ್ತಿರಲಿಲ್ಲ. ಚಿಕ್ಕ ಹುಡುಗಿ ಸಿಸ್ಟರ್, "ಅಕ್ಕಾ, ನೀವೊಮ್ಮೆ ನೋಡ್ತೀರಾ?" ಅಂದಳು. ಮುಂಗೈ ಮೇಲೆ ಬೆರಳಾಡಿಸಿದೆ, ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿತು. ಅವತ್ತು ಬಸ್ಸಿನಲ್ಲಿ ಅತ್ತುಬಿಟ್ಟೆ.

ಒಂದೇ ಬೇಸರ, ಸಂಬಳ ಮಾತ್ರ ಹೊಸಬರದ್ದೇ ಕೊಟ್ಟರು. ಹಳೆಯ ಅನುಭವ ಪತ್ರ ಇಟ್ಟುಕೊಂಡಿದ್ದರೆ ಸಂದರ್ಶನಕ್ಕೆ ತೆಗೆದುಕೊಂಡು ಹೋಗಿ, ಬಾಯಿಬಿಟ್ಟು ಕೇಳಿ.