ಪುಟ್ಟನಿಗಾಗಿ ಹಡಗು

ಹಾಸನದವರಿಗೆ ಸಮುದ್ರ ಅಂಥಾ ದೂರವೇನಲ್ಲ. ಬೆಳಿಗ್ಗೆ ತಿಂಡಿ ತಿಂದು ಹೊರಟು, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಮಂಗಳೂರು. ಆದರೆ ಮಳೆಗಾಲದಲ್ಲಿ ಘಾಟಿ ಕುಸಿಯುತ್ತದೆ, ಬೇಸಿಗೆಯಲ್ಲಿ ಕುಸಿದದ್ದರ ರಿಪೇರಿ ನಡೆಯುತ್ತದೆ, ಮಿಕ್ಕ ದಿನ ತಿರುವುಗಳಲ್ಲಿ ನಮ್ಮ ಯಜಮಾನರ ಹೊಟ್ಟೆ ತೊಳಸುತ್ತದೆ. ಹಾಗಾಗಿ ನಮ್ಮ ಕುಟುಂಬದ ಜಲವಿಹಾರವೆಲ್ಲ ಗೊರೂರು ಹಿನ್ನೀರಿನಲ್ಲೇ ಮುಗಿದಿತ್ತು. ಹೇಮಾವತಿ ತುಂಬಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ಮುಳುಗಿ ನಿಂತಿರುತ್ತದಲ್ಲ, ಅಲ್ಲಿ ಹರಿಗೋಲಿನಲ್ಲಿ ಒಂದು ಸುತ್ತು ಹೋಗಿದ್ದೆವು. ಅಂಬಿಗ ತಮಾಷೆಗೆ ಹರಿಗೋಲನ್ನು ಗಿರಗಿರ ತಿರುಗಿಸಿದಾಗ ಯಜಮಾನರು ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಅಂಚು ಹಿಡಿದು ಕೂತ ಫೋಟೊ ಈಗಲೂ ನಮ್ಮ ಫ್ಯಾಮಿಲಿ ಗ್ರೂಪಿನ ಡಿಪಿ. ಅಂಥವರು ಒಂದು ಭಾನುವಾರ ಅಕ್ಕಿರೊಟ್ಟಿ ಮುರಿಯುತ್ತ, "ಈ ಸಲ ಹಡಗಲ್ಲಿ ಹೋಗೋಣ" ಅಂದುಬಿಟ್ಟರು.

ಎಲ್ಲಾ ಪುಟ್ಟನ ಸಲುವಾಗಿ. ಪುಟ್ಟ ಅಂದರೆ ನಮ್ಮ ಮಗ. ಹದಿನೇಳೂವರೆ ವರ್ಷ, ಅಡುಗೆಮನೆ ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ಸೆಕೆಂಡ್ ಪಿಯು ಮುಗಿಸಿ, ಸಿಇಟಿ ಬರೆದು ಕೂತಿದ್ದ. ಕೂತಿದ್ದ ಅನ್ನುವುದು ಮರ್ಯಾದೆಗೆ, ಮಲಗಿದ್ದ. ಸೀಟು ಸಿಕ್ಕಿದರೆ ಹಾಸ್ಟೆಲ್ಲು, ಆಮೇಲೆ ಕೆಲಸ, ಆಮೇಲೆ ಯಾವ ದೇಶವೋ. ಎಲ್ಲರೂ ಒಟ್ಟಿಗೆ ಹೋಗುವ ಕೊನೇ ಪ್ರವಾಸ ಇದೇ ಇದ್ದರೂ ಇರಬಹುದು ಅನ್ನುವ ಸಂಕಟ ಯಜಮಾನರಿಗೆ ಹತ್ತಿಕೊಂಡಿತ್ತು. ಸರಿ, ಹಡಗೇ ಯಾಕೆ ಅಂದೆ. ಬೇರೆ ಕಡೆ ಕರಕೊಂಡು ಹೋದರೆ ಈ ಮಹಾರಾಯ ಯಾವುದೋ ಕೆಫೆ ಹುಡುಕಿಕೊಂಡು ತಪ್ಪಿಸಿಕೊಳ್ಳುತ್ತಾನಂತೆ. "ಹಡಗಲ್ಲಿ ಎಲ್ಲಿಗೆ ಹೋಗ್ತಾನೆ? ಸುತ್ತಾ ನೀರು!"

ಪುಟ್ಟನಿಗೆ ವಿಷಯ ತಿಳಿಸಿದಾಗ ಒಂದು ಕಿವಿಯ ಇಯರ್‌ಬಡ್ ತೆಗೆದು "ಓಕೆ" ಅಂದು ವಾಪಸ್ ಹಾಕಿಕೊಂಡ. ಯಜಮಾನರು ಅದನ್ನು ಮಹದಾನಂದ ಅಂತಲೇ ಲೆಕ್ಕಕ್ಕೆ ಹಿಡಿದು, ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟು ಶುರು ಮಾಡಿದರು. ಬ್ಯಾಂಕಿನವರು, ಪಾಪ, ಸಂತೋಷವನ್ನೂ ಕಾಲಮ್ಮು ಹಾಕಿಯೇ ಪಡಬೇಕು.

ಮೊದಲು ಸಿಂಗಪುರ ಅಂತಿತ್ತು. ಅಲ್ಲಿಂದ ಹೊರಡುವ ಹಡಗಿಗೆ ಪಾಸ್‌ಪೋರ್ಟ್ ಬೇಕು, ಅದರಲ್ಲಿ ಕನಿಷ್ಠ ಆರು ತಿಂಗಳ ವಾಯಿದೆ ಉಳಿದಿರಬೇಕು. ಪುಟ್ಟನದು ಅವನು ಎಂಟನೇ ಕ್ಲಾಸಿನಲ್ಲಿದ್ದಾಗ ಮಾಡಿಸಿದ್ದು. ಮಕ್ಕಳ ಪಾಸ್‌ಪೋರ್ಟು ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ಅದರ ಫೋಟೊದಲ್ಲಿರುವ ಗುಂಡುಮುಖದ ಹುಡುಗನಿಗೂ ಈಗ ಸೋಫಾದಲ್ಲಿ ಬಿದ್ದಿರುವ ಮೀಸೆಗೂ ಯಾವ ಅಧಿಕಾರಿಯೂ ಸಂಬಂಧ ಕಲ್ಪಿಸಲಾರ. ಇರಲಿ, ಹೊಸದು ಮಾಡಿಸೋಣ ಅಂತ ಮಾತಾಡುತ್ತಿರುವಾಗ ದೇವರ ಮನೆ ಮುಂದೆ ಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ, ಯಾರಿಗೂ ಅಲ್ಲ ಎಂಬಂತೆ, "ಹೋಗಿಬನ್ನಿ, ಹೋಗಿಬನ್ನಿ. ಹಾಲಿನವನು ಬಂದರೆ ಎದ್ದು ಬಾಗಿಲು ತೆಗೆಯೋ ಶಕ್ತಿ ಇನ್ನೂ ಐತೆ ನನಗೆ" ಅಂದರು. ಎಕ್ಸೆಲ್ ಶೀಟಿನಲ್ಲಿ ಆ ಕ್ಷಣವೇ ನಾಲ್ಕನೆಯ ಸಾಲು ಬಂತು.

ಅತ್ತೆಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ ಒಂದು. ಅವರ ಕಾಲದವರಲ್ಲಿ ಅರ್ಧ ಜನ ಜನವರಿ ಒಂದಕ್ಕೇ ಹುಟ್ಟಿದವರು, ಇನ್ನರ್ಧ ಜೂನ್ ಒಂದಕ್ಕೆ. ವೋಟರ್ ಕಾರ್ಡಿನಲ್ಲಿ ಇನಿಶಿಯಲ್ ಬೇರೆ, ಪೆನ್ಷನ್ ಪುಸ್ತಕದಲ್ಲಿ ಹೆಸರೇ ಉದ್ದ. ಅವರನ್ನು ಕೇಳಿದರೆ, "ಶ್ರಾವಣ ಮಾಸ, ನಮ್ಮಪ್ಪನ ಹಸು ಕರು ಹಾಕಿದ ವಾರ" ಅಂತ ಖಚಿತವಾಗಿ ಹೇಳುತ್ತಾರೆ; ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ. ಸಿಂಗಪುರ ಬಿದ್ದುಹೋಯಿತು. ಲಕ್ಷದ್ವೀಪ ಅಂದುಕೊಂಡರೆ ಅಲ್ಲಿಗೆ ಹೋಗಲು ನಮ್ಮ ದೇಶದವರಿಗೂ ಪರ್ಮಿಟ್ ಬೇಕು. ಮತ್ತೆ ಅದೇ ಇನಿಶಿಯಲ್ ಕಥೆ. ಕಡೆಗೆ ಮುಂಬೈನಿಂದ ಗೋವಾಕ್ಕೆ ಹೋಗಿ ಮುಂಬೈಗೇ ವಾಪಸು ಬರುವ ಹಡಗು ಅಂತಾಯಿತು. ಆಧಾರ್ ಸಾಕು.

ಅತ್ತೆಗೆ ಈಗ ಶಾಸ್ತ್ರ ನೆನಪಾಯಿತು. ಸಮುದ್ರೋಲ್ಲಂಘನ ಮಾಡಬಾರದು ಅಂತಿದೆಯಲ್ಲ, ಏನು ಮಾಡೋದು? ಪುರೋಹಿತರಿಗೆ ಫೋನು ಮಾಡಲೇ ಅಂತ ಯಜಮಾನರು ಕೇಳುವಷ್ಟರಲ್ಲಿ ಅವರೇ ಯೋಚಿಸಿ ತೀರ್ಪು ಕೊಟ್ಟರು: "ಹೊರಟ ಜಾಗಕ್ಕೇ ವಾಪಸ್ ಬಂದರೆ ಅದು ದಾಟಿದ್ದಲ್ಲ ಕಣೋ, ಪ್ರದಕ್ಷಿಣೆ." ಬಲಗಡೆ ದಡ ಇರಬೇಕೋ ಎಡಗಡೆಯೋ ಎಂಬ ಪ್ರಶ್ನೆ ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಇನ್ನು ದಿನ ನಿಗದಿ. ನಮ್ಮ ಮನೆಯಲ್ಲಿ ಮದುವೆಗೆ ಮುಹೂರ್ತ ಇಟ್ಟಾಗಲೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಪುಟ್ಟನಿಗೆ ಬಿಡುವು ಇರುವುದು ಜೂನ್-ಜುಲೈ. ಆದರೆ ಆಗ ಅರಬ್ಬೀ ಸಮುದ್ರಕ್ಕೆ ಬಿಡುವಿಲ್ಲ. ಮಳೆಗಾಲ, ಕಡಲು ಹುಚ್ಚೆದ್ದಿರುತ್ತದೆ. ನಮ್ಮ ಆಫೀಸಿನಲ್ಲಿ ಮಂಗಳೂರು ಕಡೆಯ ಒಬ್ಬರಿದ್ದಾರೆ, ಅವರು ಗದರಿಸಿಯೇಬಿಟ್ಟರು: "ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮಲ್ಲಿ ಯಾಂತ್ರೀಕೃತ ಬೋಟುಗಳೇ ಕಡಲಿಗೆ ಇಳಿಯೋದಿಲ್ಲ ಮಾರಾಯ್ರೆ, ನೀವು ಘಟ್ಟದ ಮೇಲಿನವರು ಹೊರಟಿದ್ದೀರಾ?" ಸರಿ, ಮಳೆ ಕಳೆಯಲಿ ಅಂದರೆ ಅಷ್ಟರಲ್ಲಿ ಸಿಇಟಿ ಕೌನ್ಸೆಲಿಂಗು: ಆಪ್ಷನ್ ಎಂಟ್ರಿ, ಅಣಕು ಸೀಟು, ನಿಜ ಸೀಟು, ಎರಡನೇ ಸುತ್ತು. ಯಾವ ದಿನ ಯಾವ ಲಿಂಕು ತೆರೆಯುತ್ತದೆ ಅಂತ ಬ್ರಹ್ಮನಿಗೂ ಗೊತ್ತಿರುವುದಿಲ್ಲ. ನಡುಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲದೆ ಸೀಟು ತಪ್ಪಿದರೆ ಹಡಗಿನಿಂದ ಹಾರುವುದೊಂದೇ ದಾರಿ.

ಅಕ್ಟೋಬರ್ ಅಂದೆ ನಾನು. ಅತ್ತೆ ನನ್ನ ಮುಖವನ್ನೇ ನೋಡಿದರು. ಹಾಸನದ ಸೊಸೆಯಾಗಿ ಆ ಮಾತಾಡಬಾರದಿತ್ತಂತೆ. ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ಹಾಸನಾಂಬೆಯ ಬಾಗಿಲು ತೆಗೆದರೆ ಮುಚ್ಚುವುದು ಬಲಿಪಾಡ್ಯಮಿ ಕಳೆದ ಮೇಲೆ. ವರ್ಷಕ್ಕೊಮ್ಮೆ ಕಣ್ಣು ಬಿಡುವ ತಾಯಿಯನ್ನು ಬಿಟ್ಟು ಊರು ಬಿಡುವುದುಂಟೇ? ಅದೂ ಅಲ್ಲದೆ ಆ ದಿನಗಳಲ್ಲಿ ನಮ್ಮ ಮನೆ ನಮ್ಮದಲ್ಲ. ಮೈಸೂರು, ಬೆಂಗಳೂರು, ತುಮಕೂರಿನ ಬಂಧುಗಳೆಲ್ಲ ದರ್ಶನದ ಕ್ಯೂನಲ್ಲಿ ಗಂಟೆಗಟ್ಟಲೆ ನಿಂತು ಬಂದು ನಮ್ಮ ಹಾಲಿನಲ್ಲಿ ಸಾಲಾಗಿ ಮಲಗುತ್ತಾರೆ. ಹೀಗೆ ಉಜ್ಜಿ ಉಜ್ಜಿ ಉಳಿದದ್ದು ನವೆಂಬರ್ ಕೊನೆ. ಸೀಟು ಸಿಕ್ಕ ಕಾಲೇಜಿಗೆ ಎರಡು ದಿನ ಚಕ್ಕರ್ ಹೊಡೆದು ಬರುವುದಾಗಿ ಪುಟ್ಟ ಉದಾರವಾಗಿ ಒಪ್ಪಿಕೊಂಡ. ಯಾವ ಕಾಲೇಜು ಅಂತ ಮಾತ್ರ ಇನ್ನೂ ಗೊತ್ತಿರಲಿಲ್ಲ.

ಆಮೇಲೆ ಕ್ಯಾಬಿನ್. ಹಡಗಿನಲ್ಲಿ ರೂಮುಗಳಿಗೆ ವರ್ಣಾಶ್ರಮವಿದೆ. ಎಲ್ಲಕ್ಕಿಂತ ಅಗ್ಗದ ಒಳಕ್ಯಾಬಿನ್ನಿಗೆ ಕಿಟಕಿಯೇ ಇಲ್ಲ. ದೀಪ ಆರಿಸಿದರೆ ಹಗಲು ಹನ್ನೆರಡೂ ರಾತ್ರಿ ಹನ್ನೆರಡೂ ಒಂದೇ. ಅದಕ್ಕಿಂತ ಮೇಲೆ ಕಿಟಕಿಯಲ್ಲಿ ಸಮುದ್ರ ಕಾಣುವುದು, ಅದಕ್ಕೂ ಮೇಲೆ ಬಾಲ್ಕನಿ ಇರುವುದು, ತುದಿಯಲ್ಲಿ ಸೂಟ್. "ಸಮುದ್ರ ನೋಡೋಕೆ ಡೆಕ್ ಇದೆಯಲ್ಲ, ಮಲಗೋಕೆ ಕಿಟಕಿ ಯಾಕೆ?" ಅಂತ ಯಜಮಾನರು ಒಳಕ್ಯಾಬಿನ್ ಹಿಡಿದರು. ಪುಟ್ಟನೂ ಒಳಗಿನದೇ ಇರಲಿ ಅಂದ. ಅಪ್ಪ ಮಗ ಒಂದು ವಿಷಯಕ್ಕೆ ಒಪ್ಪಿದರಲ್ಲ ಅಂತ ನಾನು ಹಾಸನಾಂಬೆಗೆ ಕೈ ಮುಗಿಯುವಷ್ಟರಲ್ಲಿ ಅವನ ಕಾರಣ ಹೊರಬಿತ್ತು: ಕತ್ತಲಿದ್ದರೆ ಮಧ್ಯಾಹ್ನ ಎರಡರ ತನಕ ಮಲಗಬಹುದು. ಸಮುದ್ರದ ಮೇಲೆ ಸೂರ್ಯೋದಯ ತೋರಿಸಬೇಕೆಂದು ಹೊರಟ ಅಪ್ಪನ ಮುಖ ಆಗ ನೋಡಬೇಕಿತ್ತು.

ನನಗೆ ಬೇಕಿದ್ದದ್ದು ಅಲುಗಾಡದ ಕ್ಯಾಬಿನ್. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕುಗಳಲ್ಲಿ ತೂಗಾಟ ಕಡಿಮೆ. ಮೇಲೆ ಹೋದಷ್ಟೂ, ಮೂತಿ ಬಾಲಗಳ ಕಡೆ ಸರಿದಷ್ಟೂ ಜಾಸ್ತಿ. ಶಿರಾಡಿಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಕೂರುವ ಗಂಡ ಇರುವವಳಿಗೆ ಬಾಲ್ಕನಿಗಿಂತ ಇದು ಮುಖ್ಯ. ಪುಣ್ಯಕ್ಕೆ ಕೆಳಗಿನ ಡೆಕ್ಕಿನವೇ ಸಾಮಾನ್ಯವಾಗಿ ಅಗ್ಗ.

ಎಲ್ಲ ಸರಿಹೋಯಿತು, ನಾಲ್ಕು ಜನಕ್ಕೆ ಒಂದೇ ಕ್ಯಾಬಿನ್, ಇಬ್ಬರಿಗೆ ಗೋಡೆಯಿಂದ ಇಳಿಬಿಡುವ ಮೇಲಿನ ಬರ್ತು ಅಂತ ಶೀಟಿನಲ್ಲಿ ಹಸಿರು ಬಣ್ಣ ತುಂಬುತ್ತಿದ್ದಾಗ ಎರಡೂ ಇಯರ್‌ಬಡ್ ಹೊರಬಂದವು. "ನಂಗೆ ಸಪರೇಟ್ ರೂಮ್."

ಯಜಮಾನರು ಶರತ್ತುಗಳನ್ನು ಓದಿದರು. ಅಪ್ರಾಪ್ತರಿಗೆ ಒಂಟಿ ಕ್ಯಾಬಿನ್ ಕೊಡುವುದಿಲ್ಲ. ಪ್ರತಿ ಕ್ಯಾಬಿನ್ನಿನಲ್ಲೂ ಒಬ್ಬ ವಯಸ್ಕ ಇರಬೇಕು. ಕೆಲವು ಕಂಪನಿಗಳಿಗೆ ಹದಿನೆಂಟು ಸಾಕು, ಕೆಲವಕ್ಕೆ ಇಪ್ಪತ್ತೊಂದು ಆಗಬೇಕು. "ನವೆಂಬರ್ ಹೊತ್ತಿಗೆ ನಂಗೆ ಹದಿನೆಂಟು ಆಗಿರತ್ತೆ" ಅಂದ ಪುಟ್ಟ. ಅವನ ಹುಟ್ಟುಹಬ್ಬಕ್ಕೂ ನಾವು ಹೊರಡುವ ದಿನಕ್ಕೂ ನಡುವೆ ಮೂರು ದಿನ. ಹಬ್ಬ, ಮಳೆ, ಮೀನು, ದೇವಿ ಎಲ್ಲ ನೋಡಿ ನಾವು ಇಟ್ಟ ಮುಹೂರ್ತ ಅವನಿಗೆ ಹೇಳಿ ಮಾಡಿಸಿದ ಹಾಗೆ ಬಂದಿತ್ತು. ಅಪ್ಪನಿಗೆ ಈಗ ದುಡ್ಡಿನ ಅಸ್ತ್ರವೊಂದೇ ಉಳಿದದ್ದು. ಹಡಗಿನ ದರವೆಲ್ಲ ಕ್ಯಾಬಿನ್ನಿಗೆ ಇಬ್ಬರು ಅನ್ನುವ ಲೆಕ್ಕದ್ದು. ಮೊದಲ ಇಬ್ಬರಿಗೆ ಪೂರ್ತಿ, ಮೂರನೆಯ ನಾಲ್ಕನೆಯವರಿಗೆ ಕಡಿಮೆ; ಒಬ್ಬನೇ ಇದ್ದರೆ ಹೆಚ್ಚುಕಮ್ಮಿ ಇಬ್ಬರ ದುಡ್ಡು. ಅದರ ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಗೆ ಕೊಡುವ ಭಕ್ಷೀಸೂ ಬಿಲ್ಲಿನಲ್ಲೇ. "ಒಬ್ಬ ಮಲಗೋಕೆ ಇಬ್ಬರ ಚಾರ್ಜು ಯಾರು ಕೊಡ್ತಾರೆ?" ಅಂತ ಗುಡುಗಿದರು.

"ಅಷ್ಟಕ್ಕೆ ಯಾಕೋ ಜಗಳ? ನಾನಿಲ್ವಾ? ಪುಟ್ಟನ ರೂಮಲ್ಲಿ ನಾನಿರ್ತೀನಿ" ಅಂದರು ಅತ್ತೆ.

ನಮ್ಮತ್ತೆ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ವಿಷ್ಣುಸಹಸ್ರನಾಮ ಹೇಳುವವರು, ಗಟ್ಟಿಯಾಗಿ. ಮನಸ್ಸಿನಲ್ಲಿ ಹೇಳಿಕೊಂಡರೆ ಫಲ ಅರ್ಧವೇ ಅಂತ ಅವರ ನಂಬಿಕೆ. ಅದಕ್ಕೆ ಮೊದಲಿನ ಹೊತ್ತೆಲ್ಲ ಗೊರಕೆ. ಕಿಟಕಿಯಿಲ್ಲದ ಕಬ್ಬಿಣದ ಪೆಟ್ಟಿಗೆಯಲ್ಲಿ ಸಹಸ್ರನಾಮ ಹೇಗೆ ಮೊಳಗಬಹುದು ಎಂದು ಪುಟ್ಟನ ಕಣ್ಣಲ್ಲೇ ಕಾಣುತ್ತಿತ್ತು. ಬೇಡ ಅನ್ನುವ ಧೈರ್ಯ ಮಾತ್ರ ಅವನಿಗಿಲ್ಲ. ಪಾಕೆಟ್ ಮನಿಯ ದೊಡ್ಡ ಪಾಲು ಬರುವುದು ಅಜ್ಜಿಯ ಪೆನ್ಷನ್ನಿನಿಂದ.

ಅಲ್ಲಿ ಅವನಿಗೆ ಏನಾದರೂ ಇದೆಯೇ ಅಂತ ನಾನೂ ನೋಡಿದೆ. ದೊಡ್ಡ ಹಡಗುಗಳಲ್ಲಿ ಚಿಣ್ಣರಿಗೆ ಆಟದ ಕೋಣೆ, ಹದಿಹರೆಯದವರಿಗೆ ಬೇರೆ ಕ್ಲಬ್ಬು. ಸಾಮಾನ್ಯವಾಗಿ ಹದಿನೇಳಕ್ಕೆ ಅದರ ಬಾಗಿಲು ಮುಚ್ಚುತ್ತದೆ. ಅದರಾಚೆ ಇರುವುದು ಬಾರು ಮತ್ತು ಕ್ಯಾಸಿನೋ, ಅದಕ್ಕೆ ಹದಿನೆಂಟಾದ ಮೂರೇ ದಿನಕ್ಕೆ ಅಜ್ಜಿ ಬಿಡುವುದಿಲ್ಲ. ಹದಿನೆಂಟರ ಹುಡುಗನಿಗೆ ಉಳಿಯುವುದು ಊಟ. ಅದೇನೂ ಸಣ್ಣ ವಿಷಯವಲ್ಲ ಅನ್ನಿ, ಅವನು ತಿನ್ನುವುದನ್ನು ನೋಡಿದರೆ ಟಿಕೆಟ್ಟಿನ ದುಡ್ಡು ಎರಡನೇ ದಿನಕ್ಕೇ ವಸೂಲು.

ಪುಟ್ಟ ತಾನಾಗಿ ಕೇಳಿದ ಒಂದೇ ಪ್ರಶ್ನೆ ವೈ-ಫೈ ಬಗ್ಗೆ. ದಡದಿಂದ ದೂರ ಸರಿದ ಮೇಲೆ ಸಿಮ್ಮು ಸತ್ತ ಹಾಗೆ. ಫ್ಲೈಟ್ ಮೋಡ್ ಹಾಕದಿದ್ದರೆ ಫೋನು ಹಡಗಿನದೇ ನೆಟ್‌ವರ್ಕ್ ಹಿಡಿದು ಬಿಲ್ಲು ಏರಿಸುವ ಅಪಾಯವೂ ಉಂಟು. ಹಡಗಿನ ವೈ-ಫೈ ಉಪಗ್ರಹದಿಂದ ಬರುತ್ತದೆ, ಅದಕ್ಕೆ ಬೇರೆ ದುಡ್ಡು. "ಉಪಗ್ರಹಾನಾ?" ಅಂತ ಯಜಮಾನರು ಎದೆ ಉಬ್ಬಿಸಿದರು. ನಮ್ಮ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ; 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಅಲ್ಲಿ ಕೂತು 1980ರ ದಶಕದಿಂದ ಆಡಿಸುತ್ತಿದ್ದಾರೆ. ಹಾಸನದವನಿಗೆ ಉಪಗ್ರಹದ ಇಂಟರ್‌ನೆಟ್ ದುಡ್ಡು ಕೊಟ್ಟು ಕೊಳ್ಳೋ ಗತಿಯೇ ಅಂತ ಅವರ ಅಳಲು. ಪುಟ್ಟ ಅಪ್ಪನನ್ನು ಬಹಳ ಹೊತ್ತು ನೋಡಿದ.

ಸಾಮಾನು ಕಟ್ಟುವ ಮಾತು ಬಂದಾಗ ಅತ್ತೆ ಪುಳಿಯೋಗರೆ ಗೊಜ್ಜು, ಕೋಡುಬಳೆ, ಚಟ್ನಿಪುಡಿ ಅಂತ ಪಟ್ಟಿ ಹಾಕಿದ್ದರು. ಹೊರಗಿನ ತಿಂಡಿ ಬಿಡುವುದಿಲ್ಲ ಅಂದೆ. ಹಾಗಾದರೆ ಕಾಫಿ ಫಿಲ್ಟರ್ರು, ನೀರು ಕಾಯಿಸೋ ಕಾಯಿಲ್ಲು? ಕಾಯಿಲ್ಲು, ಕೆಟಲ್ಲು, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಒಯ್ಯುವಂತಿಲ್ಲ. ಹಡಗಿಗೆ ನೀರಿಗಿಂತ ಬೆಂಕಿಯ ಭಯ ಹೆಚ್ಚು. ಕಾಫಿ ಬೆಳೆಯೋ ಜಿಲ್ಲೆಯಿಂದ ಹೋಗಿ ಮೆಷಿನ್ ಕಾಫಿ ಕುಡಿಯಬೇಕಾ ಅಂತ ಅತ್ತೆ ಪ್ರವಾಸವನ್ನೇ ರದ್ದು ಮಾಡುವ ಮಟ್ಟಕ್ಕೆ ಹೋಗಿದ್ದರು. ಚಪಾತಿ, ಅನ್ನ, ಮೊಸರು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ್ ಊಟ ಎಲ್ಲ ಉಂಟು ಅಂತ ತೋರಿಸಿ ಸಮಾಧಾನ ಮಾಡಿದ್ದಾಯಿತು.

ಎದುರುಮನೆಯವರಿಗೆ ಹಡಗು ಅಂದರೆ ನೆನಪಾಗುವುದು ಒಂದೇ ಹಡಗು, 1912ರ ಟೈಟಾನಿಕ್. ಕಾಂಪೌಂಡ್ ಆಚೆಯಿಂದಲೇ ಕೇಳಿದರು, "ಅಲ್ರೀ, ಎಲ್ಲಾರೂ ಒಟ್ಟಿಗೇ ಹೋಗ್ತಿದೀರಾ?" ಅರಬ್ಬೀ ಸಮುದ್ರದಲ್ಲಿ ಹಿಮಗಡ್ಡೆ ತೇಲುವುದಿಲ್ಲ, ಆ ದುರಂತದ ಮೇಲೆ 1914ರಲ್ಲೇ ದೇಶದೇಶಗಳು ಸೇರಿ ಎಲ್ಲರಿಗೂ ಜೀವರಕ್ಷಕ ದೋಣಿ ಇರಲೇಬೇಕು ಅಂತ ಒಪ್ಪಂದ ಮಾಡಿಕೊಂಡಿವೆ ಅಂತೆಲ್ಲ ಯಜಮಾನರು ವಿವರಿಸಿದರು. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಮಗುಚಿದ ಮೇಲಂತೂ ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ, ಪ್ರಯಾಣಿಕರಿಗೆಲ್ಲ ಸುರಕ್ಷತೆಯ ಕವಾಯತು ಕಡ್ಡಾಯ ಆಗಿದೆ. ಅತ್ತೆ ಎಲ್ಲ ಕೇಳಿಸಿಕೊಂಡು, ಆ ಲೈಫ್ ಜಾಕೆಟ್ಟು ಒಗೆದಿದ್ದಾ ಅಂತ ವಿಚಾರಿಸಿದರು.

ಗೋವಾದಲ್ಲಿ ಹಡಗು ಕೆಲವು ಗಂಟೆ ನಿಲ್ಲುತ್ತದೆ. ಆ ಕಾಲಮ್ಮಿನಲ್ಲಿ ಯಜಮಾನರು "ಮಂಗೇಶಿ ದೇವಸ್ಥಾನ, ಊಟ" ಅಂತ ಬರೆದಿದ್ದರು. ಒಂದು ರಾತ್ರಿ ಆ ಶೀಟು ತೆರೆದರೆ ಅದರ ಕೆಳಗೆ ಯಾರೋ ಹೊಸ ಸಾಲು ಸೇರಿಸಿದ್ದಾರೆ: "ಪುಟ್ಟ – ಫ್ರೆಂಡ್ಸ್ – 11ರಿಂದ 4." ಅವನ ಗೆಳೆಯರ ದಂಡು ಅದೇ ವಾರ ಗೋವಾದಲ್ಲಿರುತ್ತದಂತೆ. ನಾವು ದಿನ ಗೊತ್ತು ಮಾಡಿದ ಮೇಲೆ ಅವರು ಮಾಡಿದ್ದಂತೆ. "ಓಕೆ"ಯ ಒಳಗಿದ್ದದ್ದು ಆಗ ತಿಳಿಯಿತು. "ಲೇಟಾದರೆ ಹಡಗು ಕಾಯಲ್ಲ ಕಣೋ, ಇದೇನು ನಮ್ಮ ಕೆಂಪು ಬಸ್ಸಲ್ಲ, ಕಂಡಕ್ಟರ್ ಸೀಟಿ ಊದಿ ಕರೆಯೋಕೆ" ಅಂತ ಅಪ್ಪ ಹೆದರಿಸಿದರು. ಬಂದರಿನಿಂದ ದೇವಸ್ಥಾನಕ್ಕೆ ಎಷ್ಟು ದೂರ, ಅಜ್ಜಿ ಮಂಗಳಾರತಿ ಮುಗಿಸದೆ ಏಳುವುದಿಲ್ಲವಾದ್ದರಿಂದ ಹಡಗು ತಪ್ಪಿಸಿಕೊಳ್ಳುವವರು ಯಾರಾಗಬಹುದು ಅಂತ ಮಗ ಮ್ಯಾಪ್ ತೆಗೆದು ತೋರಿಸಿದ. ಮಂಗೇಶಿಯ ಸಾಲಿಗೆ ಪ್ರಶ್ನಾರ್ಥಕ ಚಿಹ್ನೆ ಬಿತ್ತು.

ಕಡೆಗೆ ಬುಕ್ಕಿಂಗ್ ದಿನ. ಕಾರ್ಡು, ಓಟಿಪಿ, ಕನ್ನಡಕ ಎಲ್ಲ ಸಿದ್ಧ ಮಾಡಿಕೊಂಡು ಯಜಮಾನರು ಎರಡು ಒಳಕ್ಯಾಬಿನ್ ಆರಿಸಿದರು. ಆಗ ಅತ್ತೆಯ ಫೋನಿಗೆ ಅವರ ತಂಗಿಯ ಕರೆ ಬಂತು, ಅರಸೀಕೆರೆಯಿಂದ. ಸ್ಪೀಕರ್ ಹಾಕಿಯೇ ಮಾತಾಡುವುದು ಅಕ್ಕತಂಗಿಯರ ಪದ್ಧತಿ. "ಅಕ್ಕಾ, ಸಮುದ್ರ ಪ್ರದಕ್ಷಿಣೆಗೆ ಹೋಗ್ತಿದೀಯಂತೆ, ನನಗೊಂದು ಮಾತು ಹೇಳಬಾರದಾ?"

ಮನೆಯೆಲ್ಲ ತಣ್ಣಗಾಯಿತು. ಯಜಮಾನರು ಪರದೆಯ ಮೇಲೆ ಎರಡನೇ ಕ್ಯಾಬಿನ್ನಿಗೆ ಇನ್ನೊಬ್ಬರನ್ನು ಸೇರಿಸಿ ನೋಡಿದರು. ಅವರ ಮುಖ ಅರಳಿತು. "ಮೂರನೆಯವರಿಗೆ ರೇಟು ಎಷ್ಟು ಕಡಿಮೆ ಗೊತ್ತೇನೇ! ಬರಲಿ, ಚಿಕ್ಕಮ್ಮನೂ ಬರಲಿ. ಕೆಳಗೆ ಅಮ್ಮ, ಚಿಕ್ಕಮ್ಮ. ಮೇಲಿನ ಬರ್ತಿಗೆ ಪುಟ್ಟ."

ನಾನು ಪುಟ್ಟನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಸೋಫಾದಿಂದ ದನಿ ಬಂತು.

"ಅಪ್ಪ, ಮೇಲಿನ ಬರ್ತಲ್ಲಿ ಚಾರ್ಜಿಂಗ್ ಪಾಯಿಂಟ್ ಇರತ್ತಾ, ಕೇಳಿ."