ಕೇಳಿದ್ದಾಯ್ತು, ಆಮೇಲೇನು ಮಾಡಿದಿರಿ?

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಸುಸ್ಥಿರತಾ ವರದಿಗೆ (ಪರಿಸರಕ್ಕೆ, ಜನರಿಗೆ ಕಂಪನಿಯಿಂದ ಏನಾಗುತ್ತಿದೆ ಅಂತ ಹೇಳುವ ವರದಿ) ಮಾಹಿತಿ ಕಲೆಹಾಕುವುದು ನನ್ನ ಕೆಲಸ. ಭಾರತದ ಕಂಪನಿಗಳ ವರದಿಗಳನ್ನೂ ಆಗಾಗ ಓದುತ್ತೇನೆ. ಅವುಗಳಲ್ಲಿ ಮೊದಲು ಹುಡುಕುವುದು ಕಾರ್ಬನ್ ಲೆಕ್ಕವನ್ನಲ್ಲ, ‘ಸ್ಟೇಕ್‌ಹೋಲ್ಡರ್’ಗಳ, ಅಂದರೆ ಕಂಪನಿಯ ಕೆಲಸದಿಂದ ಒಳಿತು-ಕೆಡುಕು ತಟ್ಟುವ ನೌಕರರು, ಅಕ್ಕಪಕ್ಕದ ಊರಿನವರು ಮುಂತಾದವರ ಪಟ್ಟಿಯನ್ನು.

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ ಬಿಆರ್‌ಎಸ್‌ಆರ್ ಎಂಬ ಸುಸ್ಥಿರತಾ ವರದಿಯನ್ನು ಕಡ್ಡಾಯ ಮಾಡಿದೆ. ಅದರ ನಾಲ್ಕನೇ ತತ್ವ ಪೂರ್ತಿ ಈ ಜನರ ಮಾತು ಕೇಳುವುದಕ್ಕೇ ಮೀಸಲು. ಯಾವ ಗುಂಪು, ಅವರು ದುರ್ಬಲ ವರ್ಗದವರೇ, ಹೇಗೆ ಸಂಪರ್ಕಿಸಿದಿರಿ, ಎಷ್ಟು ಸಲ, ಯಾತಕ್ಕೆ ಅಂತ ಒಂದು ಕೋಷ್ಟಕ. ತುಂಬುವುದೂ ಸಲೀಸು: ‘ಸ್ಥಳೀಯ ಸಮುದಾಯ, ಸಭೆ, ಅಗತ್ಯವಿದ್ದಾಗ.’ ಅಗತ್ಯ ಯಾರಿಗೆ ಅಂತ ಮಾತ್ರ ಕೇಳಬೇಡಿ! ಆ ಜನ ಹೇಳಿದ್ದರಿಂದ ನಿಮ್ಮ ನೀತಿಯಲ್ಲಿ ಏನು ಸೇರಿತು ಎಂಬ ಪ್ರಶ್ನೆಯೂ ನಮೂನೆಯಲ್ಲಿದೆ. ಆದರೆ ಅದನ್ನಿಟ್ಟಿರುವುದು ‘ಲೀಡರ್‌ಶಿಪ್’ ಭಾಗದಲ್ಲಿ. ಅಂದರೆ ಇಷ್ಟವಿದ್ದರೆ ಉತ್ತರಿಸಿ ಅನ್ನುವ ಕಡೆ. ನನ್ನ ತಕರಾರು ಇರುವುದೇ ಇಲ್ಲಿ.

ಸುಸ್ಥಿರತಾ ವರದಿಯ ಬಗ್ಗೆ ಯುರೋಪಿನ ನಿಯಮ ಇದನ್ನು ಆಯ್ಕೆಗೆ ಬಿಟ್ಟಿರಲಿಲ್ಲ. ಜೊತೆಗೆ ಜರ್ಮನಿಯಲ್ಲಿ ನೌಕರರ ಮಾತಿಗೆ ಬೇರೆಯೇ ತೂಕ. ಐದು ಜನ ಕಾಯಂ ನೌಕರರಿದ್ದರೂ ಸಾಕು, ‘ಬೆಟ್ರೀಬ್ಸ್‌ರಾಟ್’ ಎಂಬ ಮಂಡಳಿಯನ್ನು ಆರಿಸಿಕೊಳ್ಳಬಹುದು. ಮಂಡಳಿ ಇದ್ದ ಕಡೆ ಪಾಳಿ ಬದಲಿಸಬೇಕಾದರೂ ಅದರ ಒಪ್ಪಿಗೆ ಬೇಕು. ಇಂಥವರ ಹತ್ತಿರ ‘ಅಗತ್ಯವಿದ್ದಾಗ’ ಅನ್ನುವ ಆಟ ನಡೆಯುವುದಿಲ್ಲ.

ಹಾಗಂತ ಇಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. ಕಾರ್ಖಾನೆ ಗೇಟಿನ ಆಚೆಯವರ ಮಾತು ಬಂದರೆ ಬಹಳಷ್ಟು ಸಲ ಒಂದು ಆನ್‌ಲೈನ್ ಪ್ರಶ್ನಾವಳಿ ಹೋಗುತ್ತದೆ. ಉತ್ತರಗಳು ಚುಕ್ಕಿಗಳಾಗಿ ಒಂದು ಚಂದದ ಗ್ರಾಫ್‌ನಲ್ಲಿ ಕೂರುತ್ತವೆ. ಮುಗೀತು. 2025ರಿಂದಂತೂ ಬ್ರಸೆಲ್ಸ್, ಅಂದರೆ ಯುರೋಪಿಯನ್ ಒಕ್ಕೂಟ, ತಾನೇ ಬಿಗಿಮಾಡಿದ ವರದಿ ನಿಯಮಗಳನ್ನು ತಾನೇ ಸಡಿಲಿಸುತ್ತಿದೆ.

ಇಲ್ಲಿಯ ಸಹೋದ್ಯೋಗಿಗಳಿಗೆ ನಾನು ಹೇಳುವುದು ನಮ್ಮ ಭಾರತದ ಪರಿಸರ ಅಹವಾಲು ಸಭೆಯ ಬಗ್ಗೆ; ಯೋಜನೆಗೆ ಅನುಮತಿ ಕೊಡುವ ಮೊದಲು ಊರಿನವರ ಮಾತು ಕೇಳುವ ಸಭೆ ಅದು. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾಮಾನ್ಯವಾಗಿ ಈ ಸಭೆ ಆಗಲೇಬೇಕು. 30 ದಿನ ಮೊದಲೇ ಪತ್ರಿಕೆಯಲ್ಲಿ ನೋಟಿಸು. ಡಿಸಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿಯ ಅಧ್ಯಕ್ಷತೆ, ವಿಡಿಯೊ ಚಿತ್ರೀಕರಣ. ಗಲಾಟೆ ಆಗುತ್ತದೆ, ಕಂಪನಿ ಕಡೆಯವರು ಬಸ್ಸಲ್ಲಿ ಜನ ಕರೆತಂದರು ಅನ್ನುವ ದೂರೂ ಬರುತ್ತದೆ. ಆದರೂ ಕೊನೆಗೆ ಯಾರು ಏನು ಹೇಳಿದರು ಅನ್ನುವುದರ ಸಾರಾಂಶವನ್ನು ಊರಿನ ಭಾಷೆಯಲ್ಲೇ ಎಲ್ಲರಿಗೂ ಓದಿ ಹೇಳಬೇಕು. ನಡಾವಳಿಗೆ ಅವತ್ತೇ ಸಹಿ ಬೀಳಬೇಕು. ಜರ್ಮನ್ನರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ.

ಬೇಜಾರೆಂದರೆ, ಅನುಮತಿ ಸಿಕ್ಕಮೇಲೆ ಆ ಸಭೆ ಮತ್ತೆ ನಡೆಯುವುದು ಕಾರ್ಖಾನೆ ವಿಸ್ತರಣೆಯಂಥ ಸಂದರ್ಭ ಬಂದಾಗಲೇ. ಸೆಬಿ ಕೇಳುವ ವರದಿ ಮಾತ್ರ ಪ್ರತಿವರ್ಷ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ. ಕೊಪ್ಪಳದ ಕಾರ್ಖಾನೆಗಳ ಪಕ್ಕದಲ್ಲಿ ಧೂಳು ಕುಡಿಯುವ ರೈತನೂ ‘ಸ್ಥಳೀಯ ಸಮುದಾಯ’ವೇ ಅಲ್ವಾ? ತನ್ನ ಹೆಸರಿನಲ್ಲಿ ಏನು ಬರೆದಿದ್ದಾರೆ ಅಂತ ಅವನಿಗೆ ಗೊತ್ತಾಗುವುದು ಯಾವಾಗ?

ಜನ ಹೇಳಿದ್ದರಿಂದ ನೀತಿಯಲ್ಲಿ ಏನು ಸೇರಿತು ಎಂಬ ಆ ಪ್ರಶ್ನೆಯನ್ನು ಸೆಬಿ ಕಡ್ಡಾಯದ ಭಾಗಕ್ಕೆ ತರಲಿ. ಕಂಪನಿಗಳು ತಮ್ಮ ಉತ್ತರವನ್ನು ಕನ್ನಡದ ಎರಡು ಪುಟಕ್ಕೆ ಇಳಿಸಿ ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಲಿ. ವರದಿಯ ಮುಖಪುಟಕ್ಕೆ ಹಸಿರು ಎಲೆಯ ಫೋಟೋ ಹಾಕಿಸುವಷ್ಟೂ ಖರ್ಚಾಗುವುದಿಲ್ಲ.